ಹೆಸರಿಲ್ಲದ ಕೋವಿಗೆ ಹೆಸರು ಹುಡುಕುವುದು: ಪೆನ್ಸಿಲ್ವೇನಿಯಾದ ಹಳೆಯ ಲಾಂಗ್‌ರೈಫಲ್ ಮಾಡಿದವರನ್ನು ಗುರುತಿಸುವ ಸಮಗ್ರ ಮಾರ್ಗದರ್ಶಿ

ಪೆನ್ಸಿಲ್ವೇನಿಯಾದಲ್ಲಿ ನಮ್ಮ ಪಕ್ಕದ ಮನೆಯ ಹಿರಿಯರೊಬ್ಬರು ಒಂದು ದಿನ ಹಳೆಯ ಕೋವಿಯೊಂದನ್ನು ಊಟದ ಮೇಜಿನ ಮೇಲೆ ತಂದಿಟ್ಟರು. ಸುಮಾರು ಐದಡಿ ಉದ್ದ. ಮೇಪಲ್ ಮರದ ಮೇಲೆ ಹುಲಿಪಟ್ಟೆಯ ಹಾಗೆ ಅಡ್ಡಗೆರೆ. ಹಿಂಬದಿಯಲ್ಲಿ ಹಿತ್ತಾಳೆಯ ಪುಟ್ಟ ಮುಚ್ಚಳ, ಅದರ ತಲೆಯಲ್ಲಿ ಡೇಸಿ ಹೂವು. ಲಾಕ್ ಮೇಲೆ, ಅಂದರೆ ಕಿಡಿ ಹೊತ್ತಿಸುವ ಭಾಗದ ಮೇಲೆ, 'ಕೆಟ್‌ಲ್ಯಾಂಡ್' ಎಂಬ ಹೆಸರು. ಕೆಟ್‌ಲ್ಯಾಂಡ್ ಅನ್ನುವವನೇ ಇದನ್ನು ಮಾಡಿದ್ದು ಅಂತ ಆ ಮನೆಯವರು ಮೂರು ತಲೆಮಾರಿನಿಂದ ನಂಬಿಕೊಂಡು ಬಂದಿದ್ದರು.

ಆದರೆ ಕೆಟ್‌ಲ್ಯಾಂಡ್ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನವರು. ಅವರ ಲಾಕ್‌ಗಳು ಅಮೆರಿಕಕ್ಕೆ ಹಡಗಿನಲ್ಲಿ ರಾಶಿ ರಾಶಿ ಬರುತ್ತಿದ್ದವು. ಇಲ್ಲಿನ ಕಸುಬುದಾರರು ಅವನ್ನು ಅಂಗಡಿಯಿಂದ ಕೊಂಡು ತಮ್ಮ ಕೋವಿಗೆ ಕೂರಿಸುತ್ತಿದ್ದರು. ಅಂದರೆ ಆ ಹೆಸರು ಒಂದು ಬಿಡಿಭಾಗದ್ದು, ಇಡೀ ಕೋವಿಯದ್ದಲ್ಲ.

ಈ ತಪ್ಪು ತುಂಬಾ ಜನ ಮಾಡುತ್ತಾರೆ. ಹೆಸರು ಕಂಡ ತಕ್ಷಣ ಹುಡುಕಾಟ ನಿಲ್ಲಿಸಿಬಿಡುತ್ತಾರೆ. ನಾನು ಕಲಿತ ದಾರಿ ಇದಕ್ಕೆ ತಿರುಗಾಮುರುಗ: ಮೊದಲು ಕಾಲ, ಆಮೇಲೆ ಊರು, ಆಮೇಲೆ ಕೈ. ಹೆಸರನ್ನು ನಂಬುವುದು ಕೊನೆಗೆ. ಕಣ್ಣಿಗೆ ಕಂಡ ಹೆಸರನ್ನು ಬರೆದಿಟ್ಟುಕೊಳ್ಳಿ, ಆದರೆ ಪಕ್ಕಕ್ಕಿಡಿ.

ಹಿನ್ನೆಲೆ ಸ್ವಲ್ಪ ಗೊತ್ತಿದ್ದರೆ ಮುಂದಿನದು ಸುಲಭ. 18ನೇ ಶತಮಾನದಲ್ಲಿ ಜರ್ಮನ್ ಮಾತಾಡುವ ವಲಸಿಗರು ಪೆನ್ಸಿಲ್ವೇನಿಯಾಕ್ಕೆ ಬಂದರು. ಅವರಲ್ಲಿ ಬಂದೂಕು ಮಾಡುವವರೂ ಇದ್ದರು. ಅವರ ಕಡೆಯ ಯೇಗರ್ ರೈಫಲ್ ಗಿಡ್ಡ, ಅದರ ಗುಂಡು ದಪ್ಪ. ಇಲ್ಲಿನ ಕಾಡಿಗೆ, ಇಲ್ಲಿನ ಬೇಟೆಗೆ ತಕ್ಕ ಹಾಗೆ ನಳಿಗೆ ಉದ್ದವಾಯಿತು, ಗುಂಡು ಸಣ್ಣದಾಯಿತು. ಅದೇ ಲಾಂಗ್‌ರೈಫಲ್. ಸಾಮಾನ್ಯವಾಗಿ 42ರಿಂದ 46 ಇಂಚು ಉದ್ದದ ಎಂಟು ಮುಖದ ನಳಿಗೆ ಇರುತ್ತದೆ. ಕೆಂಟಕಿ ರೈಫಲ್ ಅಂತ ಕರೆಯುವುದೂ ಇದನ್ನೇ, ಆದರೆ ಹೆಚ್ಚಿನವು ತಯಾರಾದದ್ದು ಪೆನ್ಸಿಲ್ವೇನಿಯಾದಲ್ಲಿ. ಮೇರಿಲ್ಯಾಂಡ್, ವರ್ಜೀನಿಯಾ, ನಾರ್ತ್ ಕೆರೊಲೈನಾದಲ್ಲೂ ಮಾಡುತ್ತಿದ್ದರು. ಅಲಂಕಾರದ ಕೋವಿಗಳಿಗೆ 1780ರಿಂದ 1820ರ ತನಕದ್ದೇ ಸುವರ್ಣಕಾಲ.

ಹಂತ 1: ಒಳಗೆ ಮದ್ದು ಇದೆಯಾ ನೋಡಿ

ಇದನ್ನು ಯಾವತ್ತೂ ಬಿಡಬೇಡಿ. ಅಟ್ಟದಲ್ಲಿ ನೂರಾರು ವರ್ಷ ಮಲಗಿದ್ದ ಕೋವಿಯಲ್ಲೂ ಮದ್ದು, ಗುಂಡು ಹಾಗೇ ಇರುವುದುಂಟು. ಹಳೆಯ ಕರಿಮದ್ದು ಒಣಗಿದ್ದರೆ ಈಗಲೂ ಹೊತ್ತಿಕೊಳ್ಳುತ್ತದೆ.

ನಳಿಗೆಯ ಬಾಯಿಗೆ ಮುಖ ಅಡ್ಡ ತರಬೇಡಿ. ಪಕ್ಕದಲ್ಲಿ ನಿಂತು ಸಣ್ಣ ಮರದ ಕೋಲೊಂದನ್ನು ತಳ ಮುಟ್ಟುವ ತನಕ ಮೆಲ್ಲಗೆ ಇಳಿಸಿ. ಬಾಯಿಯ ಮಟ್ಟಕ್ಕೆ ಕೋಲಿನ ಮೇಲೆ ಗುರುತು ಹಾಕಿ. ಅದೇ ಕೋಲನ್ನು ಹೊರಗೆ ತೆಗೆದು ನಳಿಗೆಯ ಪಕ್ಕಕ್ಕಿಟ್ಟು ನೋಡಿ. ಕಿಡಿ ಒಳಗೆ ಹೋಗುವ ಸಣ್ಣ ತೂತಿನ ಹತ್ತಿರಕ್ಕೆ ಕೋಲಿನ ತುದಿ ಬರಬೇಕು. ಒಂದೆರಡು ಇಂಚು ಮೊದಲೇ ನಿಂತರೆ ಒಳಗೆ ಏನೋ ಇದೆ ಅಂತಲೇ ಅರ್ಥ. ಅಲ್ಲಿಗೆ ನಿಲ್ಲಿಸಿ, ಹಳೆಯ ಬಂದೂಕು ಬಲ್ಲವರ ಕೈಗೆ ಕೊಡಿ.

ಕಾನೂನಿನ ಮಾತು ಒಂದೇ ಒಂದು. 1898ರಲ್ಲಿ ಅಥವಾ ಅದಕ್ಕೂ ಮೊದಲು ತಯಾರಾದ ಬಂದೂಕನ್ನು ಅಮೆರಿಕದ ಕೇಂದ್ರ ಕಾನೂನು ಪುರಾತನ ವಸ್ತು ಅಂತ ನೋಡುತ್ತದೆ. ರಾಜ್ಯಗಳ ನಿಯಮ ಬೇರೆ ಇರಬಹುದು. ಭಾರತದ ಕಾನೂನು ಪೂರ್ತಿ ಬೇರೆ. ಊರಿಗೆ ತಂದು ಗೋಡೆಗೆ ನೇತುಹಾಕುವ ಆಸೆ ಇದ್ದರೆ ಮೊದಲು ವಿಚಾರಿಸಿ.

ಹಂತ 2: ಉಜ್ಜಬೇಡಿ, ಅಳೆಯಿರಿ

ಹಿತ್ತಾಳೆ ಕಪ್ಪಾಗಿದೆ ಅಂತ ಹುಣಸೆಹಣ್ಣೋ ಬ್ರಾಸೋನೋ ಹಚ್ಚಿ ಉಜ್ಜಿದರೆ ಕೆಲಸ ಕೆಟ್ಟಿತು. ಕೂದಲೆಳೆಯಷ್ಟು ತೆಳುವಾದ ಚಿತ್ತಾರ ಅಳಿಸಿಹೋಗುತ್ತದೆ. ಆ ಗೆರೆಗಳೇ ನಮ್ಮ ಸಾಕ್ಷಿ. ಮರಕ್ಕೆ ಎಣ್ಣೆಯನ್ನೂ ಹಚ್ಚಬೇಡಿ.

ಅಳತೆ ಬರೆದುಕೊಳ್ಳಿ: ಒಟ್ಟು ಉದ್ದ, ನಳಿಗೆಯ ಉದ್ದ, ನಳಿಗೆಯ ದಪ್ಪ ಬುಡದಲ್ಲಿ ಎಷ್ಟು, ನಡುವಿನಲ್ಲಿ ಎಷ್ಟು, ಬಾಯಿಯಲ್ಲಿ ಎಷ್ಟು, ಭುಜಕ್ಕೆ ಒತ್ತುವ ಹಿತ್ತಾಳೆ ತಗಡಿನ ಅಗಲ ಮತ್ತು ಎತ್ತರ. ಆಮೇಲೆ ಫೋಟೊ. ಕೋಣೆ ಕತ್ತಲು ಮಾಡಿ, ಟಾರ್ಚನ್ನು ಮೇಲಿಂದ ಹಿಡಿಯದೆ ಮರಕ್ಕೆ ಹೆಚ್ಚುಕಮ್ಮಿ ತಾಗುವಷ್ಟು ಕೆಳಗೆ, ಅಡ್ಡಲಾಗಿ ಹಿಡಿಯಿರಿ. ಹಗಲಲ್ಲಿ ಕಾಣದ ಗೆರೆಗಳು ಆಗ ನೆರಳು ಬಿಡುತ್ತವೆ. ನಾಲ್ಕೂ ದಿಕ್ಕಿನಿಂದ ಹೀಗೆ ಮಾಡಿ.

ಹಂತ 3: ಸಿಕ್ಕ ಹೆಸರು ಯಾರದು?

ಒಂದು ಕೋವಿಯ ಮೇಲೆ ಮೂರು ಜನರ ಹೆಸರು ಇರಬಹುದು. ಎಲ್ಲಿದೆ ಅನ್ನುವುದರ ಮೇಲೆ ಯಾರದು ಅನ್ನುವುದು ನಿಂತಿದೆ.

ಲಾಕ್ ಮೇಲಿನದು ಬಹುತೇಕ ಲಾಕ್ ಮಾಡಿದವನ ಅಥವಾ ಮಾರಿದವನ ಹೆಸರು. ಕೆಟ್‌ಲ್ಯಾಂಡ್ ಹಾಗೆ. ಫಿಲಡೆಲ್ಫಿಯಾದ ಗೋಲ್ಚರ್ ಹೆಸರೂ ಹಾಗೇ, ಎಲ್ಲೆಲ್ಲೋ ಮಾಡಿದ ಕೋವಿಗಳ ಮೇಲೆ ಕಾಣುತ್ತದೆ.

ಕೈ ಹಿಡಿಯುವ ಸಣ್ಣ ಜಾಗದ ಮೇಲೆ, ಹೆಬ್ಬೆರಳು ಕೂರುವ ಕಡೆ ಬೆಳ್ಳಿಯ ಪುಟ್ಟ ಬಿಲ್ಲೆ ಇರುತ್ತದೆ. ಅದರ ಮೇಲಿನ ಅಕ್ಷರ ಸಾಮಾನ್ಯವಾಗಿ ಕೊಂಡವನದು. ಇದನ್ನು ಮಾಡಿದವನ ಸಹಿ ಅಂತ ಓದಿ ದಾರಿ ತಪ್ಪಿದವರು ಬಹಳ.

ನಿಜವಾದ ಸಹಿಯನ್ನು ನಳಿಗೆಯ ಮೇಲ್ಮುಖದಲ್ಲಿ ಹುಡುಕಬೇಕು, ಬುಡಕ್ಕೂ ಹಿಂಬದಿಯ ಗುರಿಕಣ್ಣಿಗೂ ಆಸುಪಾಸಿನಲ್ಲಿ. ಕೆಲವರು ಕೂಡಕ್ಷರದಲ್ಲಿ ಚೆಂದವಾಗಿ ಕೊರೆಯುತ್ತಿದ್ದರು, ಕೆಲವರು ಅಚ್ಚು ಒತ್ತುತ್ತಿದ್ದರು. ಎಷ್ಟೋ ಕೋವಿಗಳ ಮೇಲೆ ಏನೂ ಇಲ್ಲ. ಪೂರ್ತಿ ಹೆಸರು ಸಿಗುವುದು ಅಪರೂಪ, ಮೊದಲಕ್ಷರಗಳೇ ಜಾಸ್ತಿ. ಅಲ್ಲೂ ಎಚ್ಚರ ಬೇಕು: ಆ ಕಾಲದ ಇಂಗ್ಲಿಷ್ ಬರಹದಲ್ಲಿ 'ಜೆ'ಯನ್ನು 'ಐ' ಹಾಗೆ ಕೊರೆಯುವ ರೂಢಿ ಇತ್ತು. ಇನ್ನು 19ನೇ ಶತಮಾನ ಮುಂದುವರಿದ ಹಾಗೆ ಸಿದ್ಧ ನಳಿಗೆಗಳು ಮಾರಾಟಕ್ಕೆ ಬಂದವು. ನ್ಯೂಯಾರ್ಕ್ ಕಡೆಯ ರೆಮಿಂಗ್ಟನ್ ಮುದ್ರೆ ಕಂಡರೆ ಅದು ನಳಿಗೆಯದ್ದು, ಮರದ ಕೆಲಸದವನದ್ದಲ್ಲ.

ನಳಿಗೆಯ ಅಡಿಯಲ್ಲೂ, ಮರದೊಳಗೆ ಅಡಗಿರುವ ಮುಖಗಳಲ್ಲಿ, ಗುರುತು ಇರುವುದುಂಟು. ನಳಿಗೆಯನ್ನು ಅಡ್ಡ ಮೊಳೆಗಳು ಹಿಡಿದಿರುತ್ತವೆ. ಅವನ್ನು ಬಡಿದು ತೆಗೆಯುವಾಗ ಒಣಗಿದ ಮರ ಸುಲಭವಾಗಿ ಸೀಳುತ್ತದೆ. ದಯವಿಟ್ಟು ಮನೆಯಲ್ಲಿ ಈ ಪ್ರಯತ್ನ ಬೇಡ.

ಹಂತ 4: ಕಾಲ

ಇಲ್ಲಿ ನಿಖರ ವರ್ಷ ಸಿಗುವುದಿಲ್ಲ, ಇಪ್ಪತ್ತು ವರ್ಷದ ಒಂದು ಕಿಟಕಿ ಸಿಕ್ಕರೆ ಸಾಕು. ಭುಜಕ್ಕೆ ತಾಗುವ ಹಿತ್ತಾಳೆ ತಗಡು ಹಳೆಯ ಕೋವಿಗಳಲ್ಲಿ ಸುಮಾರು ಎರಡು ಇಂಚು ಅಗಲ, ಹೆಚ್ಚುಕಮ್ಮಿ ಚಪ್ಪಟೆ. ಕಾಲ ಕಳೆದ ಹಾಗೆ ಅದು ಕಿರಿದಾಗಿ, ಅರ್ಧಚಂದ್ರದ ಹಾಗೆ ಒಳಕ್ಕೆ ಬಾಗುತ್ತಾ ಹೋಯಿತು. ಹಳೆಯ ನಳಿಗೆ ಬುಡದಲ್ಲಿ ದಪ್ಪ, ನಡುವೆ ಸಣ್ಣ, ಬಾಯಿಯ ಹತ್ತಿರ ಮತ್ತೆ ಸ್ವಲ್ಪ ದಪ್ಪ. ಆಮೇಲಿನವು ನೆಟ್ಟಗೆ ಒಂದೇ ದಪ್ಪ. ಗುಂಡಿಗೆ ಸುತ್ತುವ ಜಿಡ್ಡುಬಟ್ಟೆ ಇಡಲು ಹಿಂಬದಿಯ ಮರದಲ್ಲಿ ಪ್ಯಾಚ್‌ಬಾಕ್ಸ್ ಅಂತ ಒಂದು ಗೂಡು ಇರುತ್ತದೆ. ಅದಕ್ಕೆ ಜಾರುವ ಮರದ ಮುಚ್ಚಳವಿದ್ದರೆ ಹಳೆಯ ರೀತಿ, ಕೀಲಿನ ಹಿತ್ತಾಳೆ ಮುಚ್ಚಳವಿದ್ದರೆ ಸಾಮಾನ್ಯವಾಗಿ ಆಮೇಲಿನದು. ಆದರೆ ಕೆಲವು ಕಡೆ ಎರಡೂ ಒಟ್ಟಿಗೇ ನಡೆದವು. ಅದಕ್ಕೇ ಒಂದೇ ಗುರುತಿನ ಮೇಲೆ ಕಾಲ ಹೇಳಬೇಡಿ.

1820ರ ದಶಕದಿಂದ ಕಿಡಿ ಹಾರಿಸುವ ಚಕಮಕಿ ಕಲ್ಲು ಹೋಗಿ, ಬಡಿದರೆ ಹೊತ್ತಿಕೊಳ್ಳುವ ಕೇಪು ಬಂತು. ಆಗ ಸಾವಿರಾರು ಹಳೆಯ ಕೋವಿಗಳನ್ನು ಕೇಪಿಗೆ ಬದಲಾಯಿಸಿದರು. ಹಾಗಾಗಿ ಕೇಪಿನ ಲಾಕ್ ಕಂಡ ಮಾತ್ರಕ್ಕೆ ಕೋವಿ ಹೊಸದು ಅನ್ನುವ ಹಾಗಿಲ್ಲ. ಲಾಕ್ ತಗಡಿನ ಮೇಲೆ ಮುಚ್ಚಿದ ಹಳೆಯ ತೂತುಗಳಿವೆಯಾ ನೋಡಿ.

ಹಂತ 5: ಊರು

ನನಗೆ ತುಂಬಾ ಇಷ್ಟದ ಹಂತ ಇದು. ಕೋವಿಯನ್ನು ನಾಲ್ಕಡಿ ದೂರ ಇಟ್ಟು, ಅಲಂಕಾರ ಎಲ್ಲ ಮರೆತು, ಹಿಂಬದಿ ಮರದ ಹೊರಗೆರೆ ಮಾತ್ರ ನೋಡಿ. ಅಕ್ಕಪಕ್ಕದ ಕೌಂಟಿಗಳಲ್ಲೂ ಈ ಗೆರೆ ಬೇರೆ ಬೇರೆ. ಇದನ್ನೇ ಇಲ್ಲಿನವರು 'ಸ್ಕೂಲ್' ಅನ್ನುತ್ತಾರೆ, ಸಂಗೀತದಲ್ಲಿ ಘರಾಣೆ ಅನ್ನುವ ಹಾಗೆ.

ಲ್ಯಾಂಕಾಸ್ಟರ್‌ನ ಕೋವಿಯಲ್ಲಿ ಮೇಲಂಚು ನೇರ, ಕೆಳಗಂಚೂ ನೇರ. ಉದ್ದನೆಯ ತ್ರಿಕೋನ. ಪ್ಯಾಚ್‌ಬಾಕ್ಸ್ ನಾಲ್ಕು ತುಂಡಿನ ಹಿತ್ತಾಳೆಯದು, ತಲೆಯಲ್ಲಿ ಡೇಸಿ ಹೂವು. ಜೇಕಬ್ ಡಿಕರ್ಟ್ ಇದ್ದದ್ದು ಇಲ್ಲೇ. 1740ರಲ್ಲಿ ಜರ್ಮನಿಯಲ್ಲಿ ಹುಟ್ಟಿ, 1822ರಲ್ಲಿ ತೀರಿಕೊಂಡ ಈತನ ಹೆಸರು ಎಷ್ಟು ಹರಡಿತೆಂದರೆ, ಡಿಕರ್ಟ್ ರೈಫಲ್ ಅನ್ನುವುದು ಒಂದು ಬಗೆಯ ಕೋವಿಯ ಹೆಸರೇ ಆಗಿಹೋಯಿತು.

ಲೀಹೈ ಕಣಿವೆಗೆ, ಅಂದರೆ ಅಲೆನ್‌ಟೌನ್ ಕಡೆಗೆ ಬನ್ನಿ, ಗೆರೆ ಬಾಗುತ್ತದೆ. ಮೇಲಂಚು ಗಿಣಿಮೂಗಿನ ಹಾಗೆ ಮೆಲ್ಲಗೆ ಇಳಿಯುತ್ತದೆ. ಮೈ ತೆಳು. ಮರದಲ್ಲಿ ಉಬ್ಬು ಕೆತ್ತನೆಗಿಂತ ಗೀರು ಕೆತ್ತನೆ ಜಾಸ್ತಿ. ಪ್ಯಾಚ್‌ಬಾಕ್ಸ್ ತಲೆ ಬಾಣದ ಮೊನೆಯ ಹಾಗೆ. ಕೆಲವದರ ಅಡಿಭಾಗದಲ್ಲಿ ಒಂದು ಪುಟ್ಟ ಮಾನವ ಮುಖ ಕೊರೆದಿರುತ್ತದೆ. ಹರ್ಮನ್ ರಪ್, ಜಾನ್ ರಪ್, ಪೀಟರ್ ನೈಹಾರ್ಟ್, ಜೇಕಬ್ ಕುಂಟ್ಜ್ ಇವರೆಲ್ಲ ಆ ಕಡೆಯವರು. ರೆಡಿಂಗ್ ಸುತ್ತಲಿನವುಗಳಲ್ಲೂ ಗಿಣಿಮೂಗು ಕಾಣುತ್ತದೆ. ಹಾಗಾಗಿ ಬಾಗು ಕಂಡ ಕೂಡಲೇ ಲೀಹೈ ಅನ್ನಬೇಡಿ.

ಬೆಡ್‌ಫರ್ಡ್ ಕೌಂಟಿಯವು ದೂರದಿಂದಲೇ ಗೊತ್ತಾಗುತ್ತವೆ. ಸಪೂರ ಮೈ, ಆಳವಾಗಿ ಬಾಗಿದ ಹಿಂಬದಿ, ಉದ್ದನೆಯ ಕಿರಿದಾದ ಲಾಕ್. ದಕ್ಷಿಣದ ಟೆನೆಸಿ ಬೆಟ್ಟಗಳ ಕಡೆ ಹೋದರೆ ಹಿತ್ತಾಳೆ ಬದಲು ಕಬ್ಬಿಣ. ಪೆನ್ಸಿಲ್ವೇನಿಯಾದ ಲೆಬನಾನ್, ಯಾರ್ಕ್, ಲಿಟಲ್ಸ್‌ಟೌನ್, ಚೇಂಬರ್ಸ್‌ಬರ್ಗ್, ಮೇರಿಲ್ಯಾಂಡಿನ ಎಮಿಟ್ಸ್‌ಬರ್ಗ್, ಒಂದೊಂದಕ್ಕೂ ಅದರದ್ದೇ ರೀತಿ ಇದೆ. ಅದು ಬರೀ ಓದಿ ಬರುವುದಿಲ್ಲ, ಕೋವಿಗಳನ್ನು ಸಾಲಾಗಿ ನೋಡಬೇಕು. ಲ್ಯಾಂಕಾಸ್ಟರ್ ಹತ್ತಿರದ ಲ್ಯಾಂಡಿಸ್ ವ್ಯಾಲಿ ಮ್ಯೂಸಿಯಂ, ನಾಜರೆತ್ ಬಳಿ ಜೇಕಬ್ಸ್‌ಬರ್ಗ್‌ನಲ್ಲಿರುವ ಪೆನ್ಸಿಲ್ವೇನಿಯಾ ಲಾಂಗ್‌ರೈಫಲ್ ಮ್ಯೂಸಿಯಂ, ಈ ಎರಡಕ್ಕೆ ಒಂದೊಂದು ದಿನ ಇಡಿ.

ಊರಿನ ರೀತಿ ಸಿಕ್ಕಿತು ಅಂತ ಊರೇ ಸಿಕ್ಕಿತು ಅಂದುಕೊಳ್ಳಬೇಡಿ. ಕಸುಬು ಕಲಿತವರು ಊರು ಬಿಟ್ಟು ಹೋಗುತ್ತಿದ್ದರು, ಕಲಿತ ರೀತಿ ಜೊತೆಗೇ ಹೋಗುತ್ತಿತ್ತು. ಆಂಡ್ರಿಯಾಸ್ ಆಲ್ಬ್ರೆಕ್ಟ್ ಎಂಬ, ಕ್ರೈಸ್ತರ ಮೊರೇವಿಯನ್ ಪಂಥದ ಕಸುಬುದಾರ 1750ರಲ್ಲಿ ಪೆನ್ಸಿಲ್ವೇನಿಯಾದ ಬೆತ್ಲೆಹೆಮ್‌ಗೆ ಬಂದ. ಆಮೇಲೆ ಕ್ರಿಶ್ಚಿಯನ್ಸ್ ಸ್ಪ್ರಿಂಗ್‌ನಲ್ಲಿ ಕೋವಿ ಮಾಡಿದ, ಕೊನೆಗೆ ಲಿಟಿಟ್ಜ್‌ಗೆ ಹೋದ. ಕ್ರಿಶ್ಚಿಯನ್ಸ್ ಸ್ಪ್ರಿಂಗ್‌ನ ಕಮ್ಮಟ ಅವನ ನಂತರ ಕ್ರಿಶ್ಚಿಯನ್ ಓರ್ಟರ್ ಕೈಗೆ ಬಂತು. ಆಲ್ಬ್ರೆಕ್ಟ್‌ನ ಮಗ ಹೆನ್ರಿ ಲ್ಯಾಂಕಾಸ್ಟರ್, ಚೇಂಬರ್ಸ್‌ಬರ್ಗ್, ನಾಜರೆತ್ ಅಂತ ಸುತ್ತಿದ. ಒಂದೇ ಮನೆಯ ಕೈಗುಣ ಎಷ್ಟು ಊರಿಗೆ ಹೋಯಿತು ನೋಡಿ.

ಹಂತ 6: ಕೈ

ಕಾಲ ಗೊತ್ತಾಯಿತು, ಊರು ಗೊತ್ತಾಯಿತು. ಆ ಊರಲ್ಲಿ ಆ ಕಾಲಕ್ಕೆ ಐದಾರು ಜನ ಕಸುಬುದಾರರು ಇದ್ದಿರಬಹುದು. ಇನ್ನು ನೋಡಬೇಕಾದ್ದು ಯಾರ ಕೈ ಅಂತ.

ಹಿತ್ತಾಳೆ ಎರಕದ ಭಾಗಗಳು ಇಲ್ಲಿ ದುರ್ಬಲ ಸಾಕ್ಷಿ. ಅವನ್ನು ಹೊರಗಿಂದ ಕೊಳ್ಳಬಹುದಿತ್ತು. ಅಚ್ಚನ್ನು ಇನ್ನೊಬ್ಬರಿಂದ ತರಬಹುದಿತ್ತು. ಮರದ ಕೆತ್ತನೆ ಹಾಗಲ್ಲ. ಅದು ಅವನ ಕೈಬರಹ.

ಕೆನ್ನೆ ತಾಗಿಸುವ ಉಬ್ಬಿನ ಹಿಂದುಗಡೆ ನೋಡಿ. ಸುವರ್ಣಕಾಲದ ಕೋವಿಗಳಲ್ಲಿ ಅಲ್ಲಿ ಬಳ್ಳಿಯ ಸುರುಳಿ ಇರುತ್ತದೆ. ಭೂತಗನ್ನಡಿ ಹಿಡಿದು ಈ ಪ್ರಶ್ನೆಗಳನ್ನು ಕೇಳಿ. ಸುರುಳಿಯ ತುದಿ ಗುಂಡಗೆ ಮುಗಿಯುತ್ತದಾ, ಚೂಪಾಗಿ ಮುಗಿಯುತ್ತದಾ? ಎಲೆಯ ನಡುವಿನ ನರವನ್ನು ಒಂದೇ ಏಟಿಗೆ ಎಳೆದಿದ್ದಾನಾ, ಎರಡು ಸಲ ಉಳಿ ಇಟ್ಟಿದ್ದಾನಾ? ಉಬ್ಬಿನ ಸುತ್ತಲಿನ ನೆಲವನ್ನು ನುಣುಪು ಮಾಡಿದ್ದಾನಾ, ಉಳಿಯ ಗುರುತು ಬಿಟ್ಟಿದ್ದಾನಾ? ಬಳ್ಳಿ ಯಾವ ಕಡೆಯಿಂದ ಹೊರಡುತ್ತದೆ? ವಿನ್ಯಾಸವನ್ನು ಕದಿಯಬಹುದು, ಉಳಿ ಹಿಡಿಯುವ ಅಭ್ಯಾಸ ಕದಿಯುವುದು ಕಷ್ಟ.

ಪ್ಯಾಚ್‌ಬಾಕ್ಸ್ ಮೇಲಿನ ಗೀರು ಚಿತ್ತಾರಕ್ಕೂ ಇದೇ ಪರೀಕ್ಷೆ. ಅಂಚಿನ ಗೆರೆ ಮೂಲೆಗೆ ಬಂದಾಗ ನಿಲ್ಲುತ್ತದಾ, ದಾಟಿ ಹೋಗುತ್ತದಾ? ಹೂವಿನ ದಳ ಎಷ್ಟು? ಮುಚ್ಚಳ ತೆರೆಯುವ ಗುಂಡಿ ಎಲ್ಲಿದೆ? ಮುಚ್ಚಳ ತೆಗೆದು ಒಳಗಿನ ಗೂಡನ್ನೂ ನೋಡಿ. ಯಾರೂ ನೋಡದ ಜಾಗದಲ್ಲಿ ಮನುಷ್ಯ ತನ್ನ ಅಭ್ಯಾಸದಂತೆ ಕೆಲಸ ಮಾಡುತ್ತಾನೆ. ಆಮೇಲೆ ಲಾಕ್ ಸುತ್ತಲಿನ ಮರ ಹಿಂದಕ್ಕೆ ಹೇಗೆ ಮುಗಿಯುತ್ತದೆ, ಮುಂಭಾಗದ ಮರದುದ್ದಕ್ಕೂ ಹೋಗುವ ಸಣ್ಣ ಗೆರೆ ಎಲ್ಲಿ ಕೊನೆಗೊಳ್ಳುತ್ತದೆ, ಇವನ್ನೂ ಸೇರಿಸಿ.

ತೆಳು ಟ್ರೇಸಿಂಗ್ ಕಾಗದ ಇಟ್ಟು ಮೆತ್ತನೆ ಪೆನ್ಸಿಲಿನಿಂದ ಬಳ್ಳಿಯನ್ನು ಒತ್ತದೆ ತಿದ್ದಿಕೊಳ್ಳಿ. ಫೋಟೊಗಿಂತ ಇದು ಹೆಚ್ಚು ಕಲಿಸುತ್ತದೆ. ಅವನು ಕೈ ತಿರುಗಿಸಿದ ಕಡೆಯೇ ನಿಮ್ಮ ಕೈಯೂ ತಿರುಗುತ್ತದಲ್ವಾ.

ಈಗ ಹೋಲಿಕೆ. ಸಹಿ ಇರುವ ಕೋವಿಯ ಜೊತೆ ಮಾತ್ರ ಹೋಲಿಸಿ. 'ಇಂಥವನದು ಇರಬಹುದು' ಅನ್ನುವ ಕೋವಿಯ ಜೊತೆ ಹೋಲಿಸಿದರೆ ಒಬ್ಬರ ಊಹೆಯ ಮೇಲೆ ಇನ್ನೊಬ್ಬರ ಊಹೆ ಕಟ್ಟಿದಂತೆ. ಒಂದಕ್ಕೊಂದು ಸಂಬಂಧ ಇಲ್ಲದ ಮೂರು ಗುರುತಾದರೂ ಹೊಂದಬೇಕು: ಕೆತ್ತನೆಯಲ್ಲೊಂದು, ಚಿತ್ತಾರದಲ್ಲೊಂದು, ಮರದ ಆಕಾರದಲ್ಲೊಂದು. ಹೊಂದದ ಗುರುತುಗಳನ್ನೂ ಬರೆಯಿರಿ. ಹೊಂದಿದ್ದನ್ನಷ್ಟೇ ಬರೆಯುವವರಿಗೆ ಬೇಕಾದ ಹೆಸರು ಸಿಕ್ಕೇ ಸಿಗುತ್ತದೆ, ಅದೇ ಅಪಾಯ.

ಹಂತ 7: ಮೋಸ ಮತ್ತು ರಿಪೇರಿ

ಹೆಸರಿದ್ದರೆ ಬೆಲೆ ಜಾಸ್ತಿ. ಹಾಗಾಗಿ ಹೆಸರಿಲ್ಲದ ನಳಿಗೆಗೆ ಆಮೇಲೆ ಹೆಸರು ಕೊರೆದದ್ದುಂಟು. ಹಳೆಯ ಅಕ್ಷರದ ಅಂಚು ಸವೆದು ಮೆತ್ತಗಾಗಿರುತ್ತದೆ, ಗೀರಿನೊಳಗಿನ ಬಣ್ಣವೂ ಸುತ್ತಲಿನ ಕಬ್ಬಿಣದ ಬಣ್ಣವೂ ಒಂದೇ. ಸುತ್ತ ತುಕ್ಕಿನ ಗುಳಿಗಳಿದ್ದು, ಅಕ್ಷರ ಮಾತ್ರ ಗುಳಿಗಳ ಮೇಲೆ ಹಾದು ಚೂಪಾಗಿ ನಿಂತಿದ್ದರೆ ಅನುಮಾನಪಡಿ.

ಮರ ಕಾಲಕ್ರಮದಲ್ಲಿ ಅಡ್ಡಲಾಗಿ ಕುಗ್ಗುತ್ತದೆ, ಹಿತ್ತಾಳೆ ಕುಗ್ಗುವುದಿಲ್ಲ. ಅದಕ್ಕೇ ನಿಜವಾದ ಹಳೆಯ ಕೋವಿಯಲ್ಲಿ ಹಿತ್ತಾಳೆಯ ಅಂಚು ಮರಕ್ಕಿಂತ ಒಂಚೂರು ಹೊರಗೆ ಬಂದು ಬೆರಳಿಗೆ ತಾಗುತ್ತದೆ. ಸವೆತ ಕೈ ಹಿಡಿಯುವಲ್ಲಿ ಇರಬೇಕು. ಎಲ್ಲ ಕಡೆ ಒಂದೇ ಸಮ ಸವೆದಿದ್ದರೆ ಯಾರೋ ಸವೆಸಿದ್ದಾರೆ. ಬೆಳ್ಳಗಿರುವುದೆಲ್ಲ ಹಾಲಲ್ಲ.

ಇದರ ಉಲ್ಟಾ ಕೂಡ ಆಗುತ್ತದೆ. ಓರ್ಟರ್ 1775ರಲ್ಲಿ ಮಾಡಿ ಸಹಿ ಹಾಕಿದ ಒಂದು ರೈಫಲ್ 1971ರಲ್ಲಿ ವ್ಯಾಲಿ ಫೋರ್ಜ್‌ನ ಪ್ರದರ್ಶನದಿಂದ ಕಳುವಾಯಿತು. ದಶಕಗಳ ನಂತರ, 2018ರಲ್ಲಿ, ಅದನ್ನು ಕೊಂಡ ಹಳೆ ಸಾಮಾನಿನ ವ್ಯಾಪಾರಿ ಮೊದಲು ಇದು ಹೊಸಕಾಲದ ನಕಲು ಅಂದುಕೊಂಡಿದ್ದರು. ಸಾವಕಾಶವಾಗಿ ನೋಡಿದ ಮೇಲೆ ಅಸಲಿ ಅಂತ ಗೊತ್ತಾಯಿತು. 2019ರಲ್ಲಿ ಅದು ಮೂಲ ಒಡೆಯರಿಗೆ ಮರಳಿತು, ಫಿಲಡೆಲ್ಫಿಯಾದ ಅಮೆರಿಕನ್ ಕ್ರಾಂತಿ ಮ್ಯೂಸಿಯಂನಲ್ಲಿ ಜನರ ಮುಂದೆ ಬಂತು. ಓರ್ಟರ್ ಬದುಕಿದ್ದು ಮೂವತ್ತು ವರ್ಷ, 1747ರಿಂದ 1777ರ ತನಕ. ಸಹಿ, ವರ್ಷ ಎರಡೂ ಇರುವ ಅವನ ಒಂದೊಂದು ಕೋವಿಯೂ ಉಳಿದವನ್ನು ಓದಲು ಅಳತೆಗೋಲು.

ಹಂತ 8: ಕಾಗದಪತ್ರ

ಕೋವಿ ಹೇಳುವುದು ಮುಗಿದ ಮೇಲೆ ದಾಖಲೆಗೆ ಹೋಗಿ, ಮೊದಲೇ ಬೇಡ. ಪೆನ್ಸಿಲ್ವೇನಿಯಾದ ಹಳೆಯ ತೆರಿಗೆ ಪಟ್ಟಿಗಳಲ್ಲಿ ಎಷ್ಟೋ ಕಡೆ ಹೆಸರಿನ ಪಕ್ಕ ಕಸುಬು ಬರೆದಿದ್ದಾರೆ. ಸತ್ತವರ ಆಸ್ತಿಪಟ್ಟಿಯಲ್ಲಿ ನಳಿಗೆಯೊಳಗೆ ಸುರುಳಿ ಗೆರೆ ಕೊರೆಯುವ ಸಾಧನ ಕಂಡರೆ ಆತ ಕೋವಿ ಮಾಡುತ್ತಿದ್ದ ಅನ್ನುವುದಕ್ಕೆ ಒಳ್ಳೆಯ ಸಾಕ್ಷಿ. ಮೊರೇವಿಯನ್ನರು ಎಲ್ಲವನ್ನೂ ಬರೆದಿಡುತ್ತಿದ್ದರು, ಆ ಕಾಗದಗಳು ಬೆತ್ಲೆಹೆಮ್‌ನ ಮೊರೇವಿಯನ್ ಆರ್ಕೈವ್ಸ್‌ನಲ್ಲಿವೆ. ದಕ್ಷಿಣದ ಕಸುಬುದಾರರಿಗೆ ವಿನ್‌ಸ್ಟನ್-ಸೇಲಂನ ಮೆಸ್ಡಾ ಮ್ಯೂಸಿಯಂ ದೊಡ್ಡ ಪಟ್ಟಿಯನ್ನೇ ಇಟ್ಟಿದೆ. ಹುಡುಕುವಾಗ ಕಾಗುಣಿತ ಸಡಿಲ ಬಿಡಿ. ಜರ್ಮನ್ ಹೆಸರನ್ನು ಇಂಗ್ಲಿಷ್ ಗುಮಾಸ್ತ ಕಿವಿಗೆ ಬಿದ್ದ ಹಾಗೆ ಬರೆದಿದ್ದಾನೆ. ಆಲ್ಬ್ರೆಕ್ಟ್ ಆಲ್‌ಬ್ರೈಟ್ ಆಗುತ್ತಾನೆ, ಡಿಕರ್ಟ್ ಡೆಕಾರ್ಡ್ ಆಗುತ್ತಾನೆ.

ಹಂತ 9: ಬರೆದಿಡಿ

ಮೂರು ಮಾತುಗಳನ್ನು ಬೇರೆ ಬೇರೆಯಾಗಿ ಬಳಸಿ. 'ಸಹಿ ಇದೆ' ಅಂದರೆ ಓದಲಾಗುವ, ಆ ಕಾಲದ್ದೇ ಆದ ಸಹಿ. 'ಇಂಥವನ ಕೈ ಅಂತ ಕಾಣುತ್ತದೆ' ಅಂದರೆ ಸಹಿ ಇರುವ ಕೋವಿಯ ಜೊತೆ ಮೂರು ಗುರುತು ಹೊಂದಿದೆ. 'ಇಂಥ ಊರಿನ ರೀತಿ' ಅಂದರೆ ಅಷ್ಟೇ. ಕಾರಣವನ್ನೂ ಬರೆಯಿರಿ, ತಾರೀಖು ಹಾಕಿ. ಚೀಟಿಯನ್ನು ಮರಕ್ಕೆ ಅಂಟಿಸಬೇಡಿ, ಲಕೋಟೆಯಲ್ಲಿ ಹಾಕಿ ಕೋವಿಯ ಜೊತೆ ಇಡಿ.

ಪಕ್ಕದ ಮನೆಯ ಕೋವಿಗೆ ನಾವು ಎರಡು ತಿಂಗಳು ಹೀಗೇ ಕೂತೆವು. ನಳಿಗೆಯ ಮೇಲೆ ಟಾರ್ಚ್ ಬೆಳಕಿಗೆ ಕಂಡದ್ದು ಒಂದೇ ಅಕ್ಷರ, ಜೆ ಅಥವಾ ಐ. ಉಳಿದದ್ದು ಸವೆದುಹೋಗಿತ್ತು. ನೇರ ಗೆರೆ, ಡೇಸಿ ಹೂವು, ಜೆ ಅಕ್ಷರ: ಜೇಕಬ್ ಡಿಕರ್ಟ್ ಅಂತ ಬರೆಯಲು ಮನಸ್ಸು ತುಂಬಾ ಎಳೆಯಿತು. ಆದರೆ ಡಿಕರ್ಟ್ ಸಹಿಯ ಕೋವಿಯ ಪಕ್ಕ ಇಟ್ಟು ನೋಡಿದಾಗ ನಮ್ಮ ಬಳ್ಳಿಯ ತುದಿ ಬೇರೆ, ಎಲೆಯ ನರ ಬೇರೆ. ಚೀಟಿಯಲ್ಲಿ ಬರೆದದ್ದು ಹೀಗೆ: ಲ್ಯಾಂಕಾಸ್ಟರ್ ರೀತಿ, 1790ರಿಂದ 1810ರ ನಡುವೆ, ಲಾಕ್ ಇಂಗ್ಲೆಂಡಿನದು, ಮಾಡಿದವರು ಗೊತ್ತಿಲ್ಲ.

ಬೆಳ್ಳಿ ಬಿಲ್ಲೆಯ ಮೇಲಿದ್ದ ಎರಡು ಅಕ್ಷರ ಮಾತ್ರ ಸ್ಪಷ್ಟವಾಗಿ ಓದಲು ಬಂತು. ತೆರಿಗೆ ಪಟ್ಟಿಯಲ್ಲಿ ಆ ಅಕ್ಷರಗಳಿಗೆ ಹೊಂದುವ ಹೆಸರು ಸಿಕ್ಕಿತು. ಅದು ಆ ಹಿರಿಯರ ತಾಯಿಯ ಕಡೆಯ ಪೂರ್ವಜರದು. ಅವರು ಚೀಟಿಯ ಕೆಳಗೆ ಆ ಹೆಸರನ್ನು ತಮ್ಮ ಕೈಯಾರೆ ಬರೆದು ಲಕೋಟೆ ಮುಚ್ಚಿದರು.